ಸರ್ ವಾಲ್ಟರ್ ಎಲಿಯಟ್

ಬೇಸಿಗೆಯ ಕೊನೆಯ ದಿನಗಳಲ್ಲಿ ಎರೆಯ ಹೊಲಗಳನ್ನು ಕಂಡವರಿಗೆ ಆ ಮಣ್ಣು ಎಷ್ಟು ಆಳವಾಗಿ ಬಿರಿಯುತ್ತದೆಂಬುದು ತಿಳಿದೇ ಇದೆ. ಆ ಬಿರುಕುಗಳಲ್ಲಿ ಹಾವು, ಚೇಳು, ಇಲಿ ಮೊದಲಾದ ಜೀವಿಗಳು ನೆರಳನ್ನರಸಿ ಸೇರಿಕೊಳ್ಳುತ್ತವೆ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದೊಡನೆ ಮಣ್ಣು ಕುಸಿದು, ಉಬ್ಬಿ, ಬಿರುಕುಗಳೆಲ್ಲ ಮುಚ್ಚಿಹೋಗುತ್ತವೆ. ಒಳಗಿದ್ದ ಅಸಂಖ್ಯ ಇಲಿಗಳು ಅಲ್ಲಿಯೇ ಸಮಾಧಿಯಾಗುತ್ತವೆ. ರೈತನು ಕೈ ಎತ್ತದೆಯೇ ಅವನ ಬೆಳೆಯ ಶತ್ರುಗಳು ವರ್ಷವರ್ಷವೂ ಹೀಗೆ ತಗ್ಗುವುದು ನಿಸರ್ಗದ ಏರ್ಪಾಡು.

1826ರಲ್ಲಿ ಈ ಏರ್ಪಾಡು ತಪ್ಪಿತು. ಧಾರವಾಡ ಸೀಮೆಯಲ್ಲಿ ಆ ವರ್ಷ ಮಳೆಗಾಲದ ಆರಂಭದಲ್ಲಿ ಬೀಳಬೇಕಾದಷ್ಟು ಮಳೆ ಬೀಳಲಿಲ್ಲ. ಸಾಯಬೇಕಾಗಿದ್ದ ಇಲಿಗಳು ಬದುಕಿಕೊಂಡು ಮಿತಿಮೀರಿ ಬೆಳೆದವು. ಬಿತ್ತಿದ ಬೀಜವನ್ನು ಬಿತ್ತಿದಂತೆಯೇ ತಿಂದುಹಾಕಿದವು. ಅಳಿದುಳಿದ ಜೋಳ ತೆನೆಗಟ್ಟಿದಾಗ ದಂಟನ್ನು ಹತ್ತಿ, ತೆನೆಯನ್ನು ಕಡಿದು ಕೆಡವಿ, ಕಾಳನ್ನು ಬರಿದುಮಾಡಿದವು. ದಿಕ್ಕುಗಾಣದ ರೈತರು ಕೆರೆ ತೋಡುವ ಕಾಯಕದ ಒಡ್ಡರನ್ನು ಕರೆಸಿದರು. ಇಷ್ಟು ಡಜನ್ ಇಲಿಗಳನ್ನು ಕೊಂದರೆ ಇಷ್ಟು ಅಳತೆ ಕಾಳು ಎಂದು ಕೂಲಿ ಗೊತ್ತುಮಾಡಿದರು. ಒಡ್ಡರು ಸಾವಿರಗಟ್ಟಲೆ ಇಲಿಗಳನ್ನು ಕೊಂದರೂ ಅವುಗಳ ಸಂಖ್ಯೆ ಕಡಮೆಯಾದಂತೆ ಕಾಣಲಿಲ್ಲ. ಹೊಲ ಹೊಲಗಳೇ ಬೋಳಾದವು. ರೈತರು ಸರಕಾರಕ್ಕೆ ಸಲ್ಲಿಸಬೇಕಾದ ಕಂದಾಯವನ್ನು ಸಲ್ಲಿಸಲಾರದೆ ಹೋದರು.

ಈ ಸಂಗತಿಯನ್ನು ಕಣ್ಣಾರೆ ಕಂಡು, ಮುಂದೆ ಪ್ರಾಣಿಗಳ ಪಟ್ಟಿಯೊಂದರಲ್ಲಿ ಬರೆದಿಟ್ಟವರು ಈಸ್ಟ್ ಇಂಡಿಯಾ ಕಂಪನಿಯ ಓರ್ವ ತರುಣ ಅಧಿಕಾರಿ. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಕಂದಾಯದ ಆಡಳಿತಕ್ಕೆಂದು ಬಂದವರು ಕಂದಾಯ ಏಕೆ ಬರಲಿಲ್ಲವೆಂಬುದನ್ನು ಇಲಿಯ ಬಿಲದವರೆಗೂ ಹೋಗಿ ನೋಡಿದರೆಂಬುದೇ ಅವರ ವಿಶೇಷ. ಅವರ ಹೆಸರು ವಾಲ್ಟರ್ ಎಲಿಯಟ್.

ಎಲಿಯಟ್ಟರು ಹುಟ್ಟಿದುದು 1803ನೆಯ ಇಸವಿಯ ಜನವರಿ 16ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ವುಲ್ಫಲೀ ಎಂಬುದು ಅವರ ಮನೆತನದ ಹಳ್ಳಿಯ ನೆಲೆ. ಕಂಪನಿಯ ನೌಕರಿಗೆ ಸೇರುವ ತರುಣರಿಗಾಗಿ ಇಂಗ್ಲೆಂಡಿನ ಹೇಲಿಬರಿಯಲ್ಲಿದ್ದ ಕಾಲೇಜಿನಲ್ಲಿ ಓದು ಮುಗಿಸಿ, 1821ರಲ್ಲಿ ಅವರು ಮದರಾಸಿಗೆ ಬಂದಿಳಿದರು. ಅಲ್ಲಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಹೊಸ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸುತ್ತಿದ್ದರು. ತಮಿಳು ಮತ್ತು ಹಿಂದುಸ್ತಾನಿ ಭಾಷೆಗಳಲ್ಲಿ ತೋರಿದ ಪ್ರಾವೀಣ್ಯಕ್ಕಾಗಿ ಎಲಿಯಟ್ಟರಿಗೆ ಸಾವಿರ ವರಹಗಳ ಬಹುಮಾನ ದೊರೆಯಿತು. ಮುಂದೆ ಅವರ ಬಾಳಿನುದ್ದಕ್ಕೂ ಭಾಷೆಯ ಮೇಲಿನ ಈ ಪ್ರೀತಿಯೇ ಅವರ ಕೈಹಿಡಿದು ನಡೆಸಿತೆನ್ನಬಹುದು. 1823ರಲ್ಲಿ ಸೇಲಂ ಜಿಲ್ಲೆಯಲ್ಲಿ ಕೆಲಸ ಆರಂಭಿಸಿದ ಅವರಿಗೆ ಬೇಗನೆ ಧಾರವಾಡಕ್ಕೆ ವರ್ಗವಾಯಿತು.

ಪೇಶ್ವೆಯ ಆಳಿಕೆ 1818ರಲ್ಲಿ ಕೊನೆಗೊಂಡ ಮೇಲೆ ಕಂಪನಿಯ ಕೈಸೇರಿದ ಈ ಪ್ರದೇಶವನ್ನು ಇಂಗ್ಲಿಷರು ದಕ್ಷಿಣ ಮರಾಠಾ ಸೀಮೆಯೆಂದು ಕರೆದರು. ಹೆಸರು ಮರಾಠರದಾದರೂ ನೆಲ ಕನ್ನಡಿಗರದು. ಹಾನಗಲ್ಲು, ಬಂಕಾಪುರ, ಮುಂದೆ ಬಹುಕಾಲ ಕೋಡ ತಾಲ್ಲೂಕೆಂದು ಕರೆಯಲ್ಪಟ್ಟ ಹಿರೇಕೆರೂರಿನ ಸೀಮೆ, ಇವೆಲ್ಲ ಅದರ ತೆಂಕಣ ಭಾಗದಲ್ಲಿದ್ದವು. ನಡುವೆ ಸವಣೂರಿನ ನವಾಬರ ಚಿಕ್ಕ ಸಂಸ್ಥಾನವಿದ್ದಿತು. ಪಡುವಣದಲ್ಲಿ ಮಲೆನಾಡಿನ ಅಂಚು, ಬತ್ತದ ಗದ್ದೆ, ಕೆರೆಗಳ ಸಾಲು. ಮೂಡಣಕ್ಕೆ ಸರಿದಂತೆ ಮರವಿಲ್ಲದ ಬಯಲು, ಜೋಳ ಮತ್ತು ಹತ್ತಿಯ ಹೊಲಗಳು. ಎರಡು ದಿನದ ಕುದುರೆಯ ಪಯಣದಲ್ಲಿ ಎರಡು ಬೇರೆ ಬೇರೆ ಜೀವಲೋಕಗಳನ್ನು ಕಾಣಬಹುದಾದ ನಾಡಿದು. ಪಕ್ಷಿಪ್ರಾಣಿಗಳಲ್ಲಿ ಆಸಕ್ತಿಯುಳ್ಳವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಆದರೆ ಈ ನಾಡು ಎಲಿಯಟ್ಟರಿಗೆ ಕಲಿಸಿದ ಮೊದಲ ಪಾಠ ಬೇರೆಯೇ ಆಗಿದ್ದಿತು. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಆತನು ಮಾಡಿಕೊಂಡ ದತ್ತಕವನ್ನು ಕಂಪನಿ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಕಿತ್ತೂರನ್ನು ವಶಪಡಿಸಿಕೊಳ್ಳಲು ಸೈನ್ಯದೊಡನೆ ಬಂದನು. ಅವನ ಸಹಾಯಕರಾಗಿ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ತರುಣರು ಜೊತೆಯಲ್ಲಿದ್ದರು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನ ವೀರರು ಮುನ್ನುಗ್ಗಿದರು. ಥ್ಯಾಕರೆ ಅಲ್ಲಿಯೇ ಮಡಿದನು. ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಸಿಕ್ಕರು.

ಇಪ್ಪತ್ತೊಂದು ವರ್ಷದ ಎಲಿಯಟ್ಟರು ಸುಮಾರು ಆರು ವಾರ ರಾಣಿ ಚೆನ್ನಮ್ಮನ ಸೆರೆಯಾಳಾಗಿದ್ದರು. ಹೊರಗೆ ಕಂಪನಿಯ ಪಡೆಗಳು ನಾಲ್ಕು ದಿಕ್ಕಿನಿಂದಲೂ ಕೂಡಿಬರುತ್ತಿದ್ದವು. ಒಳಗೆ, ದೊರೆಯನ್ನು ಕಳೆದುಕೊಂಡು ರಾಜ್ಯವನ್ನೂ ಕಳೆದುಕೊಳ್ಳಲಿದ್ದ ಜನರು ಕುದಿಯುತ್ತಿದ್ದರು. ಸೆರೆಯಾಳುಗಳ ಪ್ರಾಣ ಯಾವ ಗಳಿಗೆಯಲ್ಲಿಯಾದರೂ ಹೋಗಬಹುದಾಗಿದ್ದಿತು. ಹೋಗಲಿಲ್ಲ. ಡಿಸೆಂಬರಿನ ಆರಂಭದಲ್ಲಿ ಇಬ್ಬರೂ ಬಿಡುಗಡೆ ಹೊಂದಿದರು. ಅದಾದ ಕೆಲವೇ ದಿನಗಳಲ್ಲಿ ಕೋಟೆ ಬಿದ್ದಿತು. ಅವರನ್ನು ಜೀವಸಹಿತ ಹಿಂದಿರುಗಿಸಿದ ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಪ್ರಾಣಬಿಟ್ಟಳು. ಇತಿಹಾಸದ ಈ ಎರಡು ಸೆರೆಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಿದಾಗ ಯಾರ ನಡತೆ ದೊಡ್ಡದೆಂಬುದು ತಾನಾಗಿ ತಿಳಿಯುತ್ತದೆ.

ಇಂತಹ ಅನುಭವದ ಬಳಿಕ ಬೇರೊಬ್ಬನಾಗಿದ್ದರೆ ಆ ಸೀಮೆಯನ್ನೇ ಬಿಟ್ಟು ದೂರ ಹೋಗಲು ಬಯಸುತ್ತಿದ್ದನು. ಎಲಿಯಟ್ಟರು ಒಂಬತ್ತು ವರ್ಷ ಅಲ್ಲಿಯೇ ಉಳಿದರು. ನಡುವೆ ಆ ಪ್ರದೇಶವು ಮದರಾಸಿನ ಆಡಳಿತದಿಂದ ಮುಂಬಯಿಯ ಆಡಳಿತಕ್ಕೆ ಸೇರಿದಾಗ ಅವರು ನಿಯಮದಂತೆ ಮದರಾಸಿಗೆ ಮರಳಬೇಕಾಗಿದ್ದಿತು. ಮುಂಬಯಿಯ ಗವರ್ನರ್ ಸರ್ ಜಾನ್ ಮಾಲ್ಕಮ್ ವಿಶೇಷವಾಗಿ ಕೇಳಿಕೊಂಡು ಅವರನ್ನು ಇಲ್ಲಿಯೇ ಉಳಿಸಿಕೊಂಡರು.

ಅಂದಿನ ಕಂದಾಯಾಧಿಕಾರಿಯ ಕೆಲಸ ಕಚೇರಿಯಲ್ಲಿ ಕುಳಿತು ಆಗುವಂತಹದಲ್ಲ. ಮಳೆಗಾಲ ಮುಗಿಯಿತೆಂದರೆ ಡೇರೆ, ದಫ್ತರುಗಳೊಡನೆ ಊರಿಂದೂರಿಗೆ ಮುಕ್ಕಾಮು ಹೂಡುತ್ತ ಹೋಗಬೇಕು. ಗೌಡ, ಕುಲಕರ್ಣಿ, ವಾಲೀಕಾರರೊಡನೆ ಹೊಲಗಳನ್ನು ನೋಡಬೇಕು. ಬೆಳೆಯ ಅಂದಾಜು ತಿಳಿಯಬೇಕು. ಈ ಸುತ್ತಾಟವೇ ಎಲಿಯಟ್ಟರಿಗೆ ವರವಾಯಿತು. ಒಮ್ಮೆ ಅವರು ಬಯಲಿನಲ್ಲಿ ಮೂರು ತೋಳಗಳು ಚಿಂಕಾರಗಳ ಹಿಂಡನ್ನು ಕಂದರದ ಕಡೆಗೆ ಅಟ್ಟಿಕೊಂಡು ಹೋಗುವುದನ್ನು ಕಂಡರು. ಕಂದರದಲ್ಲಿ ಇನ್ನೆರಡು ತೋಳಗಳು ಮೊದಲೇ ಹೊಂಚಿ ಮಲಗಿದ್ದವು. ಹಿಂಡು ಹತ್ತಿರ ಬಂದೊಡನೆ ಅವು ಮೇಲೆರಗಿ ಒಂದನ್ನು ಹಿಡಿದೇಬಿಟ್ಟವು. ತೋಳಗಳು ಕೆಲಸವನ್ನು ಹಂಚಿಕೊಂಡು ಬೇಟೆಯಾಡುತ್ತವೆಂಬುದನ್ನು ಇದರಿಂದ ಅವರು ಬರೆದುಕೊಂಡರು. ಅಷ್ಟಕ್ಕೆ ನಿಲ್ಲದೆ, ಈ ವಿಷಯದಲ್ಲಿ ರೈತರು ಏನು ಹೇಳುತ್ತಾರೆಂಬುದನ್ನೂ ಕೇಳಿದರು. ಮರೆಯಾಗಲು ಗಿಡಗಂಟಿಗಳಿಲ್ಲದ ಬಟ್ಟಬಯಲಿನಲ್ಲಿ ತೋಳವು ನೆಲವನ್ನು ಕೆರೆದು ತಗ್ಗು ಮಾಡಿಕೊಂಡು ಅದರಲ್ಲಿ ಅಡಗುತ್ತದೆ, ಉಳಿದವು ಚಿಗರಿಗಳ ಹಿಂಡನ್ನು ಅದರ ಮೇಲೆಯೇ ಓಡಿಸುತ್ತವೆ ಎಂದು ರೈತರು ನಂಬಿದ್ದರು. ತಾವು ಕಂಡದ್ದನ್ನು ಕಂಡದ್ದೆಂದೂ, ರೈತರ ನಂಬಿಕೆಯನ್ನು ನಂಬಿಕೆಯೆಂದೂ ಎಲಿಯಟ್ಟರು ಬೇರೆ ಬೇರೆಯಾಗಿ ದಾಖಲೆ ಮಾಡಿದರು. ವಿಜ್ಞಾನದ ವಿದ್ಯಾರ್ಥಿಯು ಮೊದಲು ಕಲಿಯಬೇಕಾದ ಅಭ್ಯಾಸವಿದು.

ಇಲಿಗಳ ವಿಷಯದಲ್ಲಿ ಅವರ ಗುರುಗಳು ಒಡ್ಡರು. ನೆಲವನ್ನು ಅಗೆಯುವುದೇ ವೃತ್ತಿಯಾದ ಅವರಿಗೆ ಬಿಲವನ್ನು ನೋಡಿದೊಡನೆ ಒಳಗಿರುವ ಇಲಿ ಯಾವುದೆಂದು ತಿಳಿಯುತ್ತಿದ್ದಿತು. ಇಲಿಯ ಮಾಂಸ ಅವರಿಗೆ ಆಹಾರ. ಬಿಲದೊಳಗೆ ಇಲಿ ಕೂಡಿಟ್ಟ ಜೋಳದ ಕಾಳು ಬರಗಾಲದಲ್ಲಿ ಅವರ ಪಾಲಿಗೆ ಕಣಜ. ಪಟ್ಟಣದ ವಿದ್ವಾಂಸನಿಗೆ ಇಲಿಯೆಂದರೆ ಒಂದೇ. ಒಡ್ಡರಿಗೆ ಹೊಲದ ಇಲಿ, ಪೊದೆಯ ಇಲಿ, ಕಲ್ಲಿನ ಸಂದಿಯ ಇಲಿ ಎಲ್ಲಕ್ಕೂ ಬೇರೆ ಬೇರೆ ಹೆಸರುಗಳಿದ್ದವು, ಬೇರೆ ಬೇರೆ ಗುಣಗಳಿದ್ದವು. ಎಲಿಯಟ್ಟರು ಆ ಹೆಸರುಗಳನ್ನೆಲ್ಲ ಕೇಳಿ ಬರೆದುಕೊಂಡು, ಇಲಿಗಳ ಮಾದರಿಗಳನ್ನು ಲಂಡನ್ನಿಗೆ ಕಳುಹಿಸಿದರು.

ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದ್ದ ಜಾನ್ ಎಡ್ವರ್ಡ್ ಗ್ರೇ ಎಂಬ ಪ್ರಾಣಿವಿಜ್ಞಾನಿ 1837ರಲ್ಲಿ ಅವುಗಳಿಗೆ ಶಾಸ್ತ್ರೀಯ ನಾಮಕರಣ ಮಾಡಿದನು. ಪೊದೆಗಳಲ್ಲಿ ವಾಸಿಸುವ ಒಂದು ಇಲಿಯನ್ನು ಈ ಸೀಮೆಯ ಜನರು ಗುಲಂದಿ ಎಂದು ಕರೆಯುತ್ತಿದ್ದರು. ಅದು ಗೊಲುಂಡಾ ಎಲಿಯೋಟಿ ಆಯಿತು. 1826ರಲ್ಲಿ ಜೋಳವನ್ನು ಹಾಳುಗೆಡವಿದ ಇಲಿಗೆ ಒಡ್ಡರು ಮೆಟ್ಟಾಡೆ ಎನ್ನುತ್ತಿದ್ದರು. ಅದು ಲಂಡನ್ನಿನ ಪಟ್ಟಿಯಲ್ಲಿ ಮೆಲ್ಟಾಡ ಎಂದಾಗಿ, ಇಂದಿಗೂ ಪ್ರಪಂಚದ ಎಲ್ಲ ಪ್ರಾಣಿಶಾಸ್ತ್ರ ಗ್ರಂಥಗಳಲ್ಲಿಯೂ ಹಾಗೆಯೇ ಉಳಿದಿದೆ. ಹೀಗೆ ಧಾರವಾಡ ಸೀಮೆಯ ಹೊಲದ ಮಾತು ಲ್ಯಾಟಿನ್ ಹೆಸರುಗಳ ನಡುವೆ ಹೋಗಿ ಕುಳಿತಿತು. ಗುಲಂದಿಯ ಶಾಸ್ತ್ರೀಯ ಹೆಸರಿನಲ್ಲಿ ಮೊದಲ ಪದವು ನಾಡಿನದು, ಎರಡನೆಯದು ಎಲಿಯಟ್ಟರದು. ಬಿಲವನ್ನು ಅಗೆದು ಅದನ್ನು ಹಿಡಿದುಕೊಟ್ಟವನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಆ ಕಾಲದ ವಿಜ್ಞಾನದ ರೀತಿಯೇ ಹಾಗಿದ್ದಿತು. ಎಲಿಯಟ್ಟರಾದರೂ ತಮಗೆ ತಿಳಿದುದು ಯಾರಿಂದ ತಿಳಿಯಿತೆಂಬುದನ್ನು, ವ್ಯಕ್ತಿಯ ಹೆಸರಿನಿಂದಲ್ಲದಿದ್ದರೂ ಸಮುದಾಯದ ಹೆಸರಿನಿಂದಲಾದರೂ, ಬರೆದಿಟ್ಟರು. ಅಷ್ಟನ್ನೂ ಮಾಡದವರು ಅನೇಕರಿದ್ದರು.

ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳನ್ನು ಕುರಿತ ಅವರ ಪಟ್ಟಿ 1839ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು. ಪಟ್ಟಿಯೆಂಬ ಮಾತನ್ನು ಕೇಳಿ ಅದು ಒಣ ಹೆಸರುಗಳ ಸಾಲೆಂದು ತಿಳಿಯಬಾರದು. ಪ್ರತಿಯೊಂದು ಪ್ರಾಣಿಯ ಅಳತೆ, ಬಣ್ಣ, ಆಹಾರ, ವಾಸ, ದೇಶಭಾಷೆಯಲ್ಲಿ ಅದರ ಹೆಸರು, ಇವೆಲ್ಲ ಅದರಲ್ಲಿವೆ. ಮುಂದಿನ ಐವತ್ತು ವರ್ಷಗಳಲ್ಲಿ ಭಾರತದ ಪ್ರಾಣಿಗಳನ್ನು ಕುರಿತು ಬರೆದವರೆಲ್ಲರೂ ಅದರಿಂದ ಪುಟಪುಟಗಳನ್ನೇ ಎತ್ತಿಕೊಂಡಿದ್ದಾರೆ.

ಇದೇ ಸುತ್ತಾಟದಲ್ಲಿ ಎಲಿಯಟ್ಟರ ಕಣ್ಣಿಗೆ ಬಿದ್ದ ಇನ್ನೊಂದು ಸಂಪತ್ತು ಕಲ್ಲಿನ ಶಾಸನಗಳು. ಹಿರೇಕೆರೂರಿನ ನೆರೆಯ ರಟ್ಟೀಹಳ್ಳಿ, ಅಬಲೂರು, ಅತ್ತ ಹಾನಗಲ್ಲು, ಬಂಕಾಪುರ, ಎಲ್ಲಿ ನೋಡಿದರೂ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ಬರಹವಿರುವ ಕಲ್ಲುಗಳು ನಿಂತಿದ್ದವು. ಹಳಗನ್ನಡದ ಆ ಲಿಪಿಯನ್ನು ಓದಬಲ್ಲವರು ಆಗ ವಿರಳ. ಎಲಿಯಟ್ಟರು ಪಂಡಿತರ ನೆರವಿನಿಂದ ತಾವೂ ಓದಲು ಕಲಿತು, ಶಾಸನಗಳನ್ನು ಪ್ರತಿಮಾಡಿಸತೊಡಗಿದರು. ಹೀಗೆ ಕೂಡಿದ ಶಾಸನಗಳ ಸಂಖ್ಯೆ 595. ಕರ್ನಾಟಕ ದೇಶದ ಶಾಸನಗಳೆಂಬ ಹೆಸರಿನ ಆ ಹಸ್ತಪ್ರತಿಯ ಸಂಪುಟಗಳನ್ನು ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಗೂ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೂ ಒಪ್ಪಿಸಲಾಯಿತು. ಅವುಗಳ ಆಧಾರದ ಮೇಲೆ ಎಲಿಯಟ್ಟರು 1837ರಲ್ಲಿ ಪ್ರಕಟಿಸಿದ ಲೇಖನದಿಂದ ಕಲ್ಯಾಣದ ಚಾಲುಕ್ಯರ ವಂಶಾವಳಿ ವಿದ್ವಾಂಸರಿಗೆ ಸ್ಪಷ್ಟವಾಗತೊಡಗಿತು. ಪ್ರತಿಕಾರರ ಕೈತಪ್ಪುಗಳು ಆ ಸಂಗ್ರಹದಲ್ಲಿ ಇಲ್ಲದಿಲ್ಲ. ಆದರೂ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು 1882ರಲ್ಲಿ ಗ್ರಂಥ ಬರೆದ ಫ್ಲೀಟರು ಎಷ್ಟೋ ಕಡೆಗಳಲ್ಲಿ ಅದನ್ನೇ ಅವಲಂಬಿಸಿದರು.

ಆಡಳಿತದವರು ಹೊರಗಿನ ಭಾಷೆಯನ್ನೇ ಈ ನಾಡಿನ ಭಾಷೆಯೆಂದು ಎಣಿಸಿದ್ದ ಕಾಲವದು. ಧಾರವಾಡದಲ್ಲಿ ಸರಕಾರ ತೆರೆದ ಶಾಲೆಗಳಲ್ಲಿ ಮರಾಠಿಯಲ್ಲಿ ಪಾಠ ನಡೆಯುತ್ತಿದ್ದಿತು. ಮಕ್ಕಳ ಮನೆಮಾತು ಕನ್ನಡ. ಹಳ್ಳಿಗಳಲ್ಲಿ ಜನರ ಮಾತಿಗೆ ಕಿವಿಗೊಟ್ಟು ತಿರುಗಿದ್ದ ಎಲಿಯಟ್ಟರಿಗೆ ಇದು ಸರಿಯೆಂದು ತೋರಲಿಲ್ಲ. 1830ರ ದಶಕದ ಆರಂಭದಲ್ಲಿ ಅವರು ತಮ್ಮ ಸ್ವಂತ ಖರ್ಚಿನಿಂದ ಧಾರವಾಡದಲ್ಲಿ ಒಂದು ಕನ್ನಡ ಶಾಲೆಯನ್ನು ತೆರೆದರು. ಡೆಪ್ಯುಟಿ ಚನ್ನಬಸಪ್ಪನವರ ಕಾಲಕ್ಕೆ ಹುಲುಸಾಗಿ ಬೆಳೆದ ಕನ್ನಡ ಶಿಕ್ಷಣದ ಪೈರಿಗೆ ಮೊದಲು ಬಿತ್ತಿದ ಬೀಜಗಳಲ್ಲಿ ಇದೂ ಒಂದು.

1833ರ ಡಿಸೆಂಬರಿನಲ್ಲಿ ಎಲಿಯಟ್ಟರು ರಜೆಯ ಮೇಲೆ ಸ್ವದೇಶಕ್ಕೆ ಹೊರಟರು. ಕೆಂಪು ಸಮುದ್ರದ ದಾರಿಯಿಂದ ಈಜಿಪ್ಟ್, ಜೆರೂಸಲೆಮ್, ಅಥೆನ್ಸ್, ರೋಮ್‌ಗಳನ್ನು ನೋಡುತ್ತ ಹೋದ ಅವರು ಇಂಗ್ಲೆಂಡನ್ನು ಮುಟ್ಟಿದುದು 1835ರ ಮೇ ತಿಂಗಳಲ್ಲಿ. ಮತ್ತೆ ಭಾರತಕ್ಕೆ ಬಂದಾಗ ಮದರಾಸಿನ ಗವರ್ನರ್ ಎಲ್ಫಿನ್‌ಸ್ಟನ್ ಪ್ರಭುಗಳ ಆಪ್ತ ಕಾರ್ಯದರ್ಶಿಯ ಹುದ್ದೆ ಅವರದಾಯಿತು. 1839ರಲ್ಲಿ ಮಾಲ್ಟಾ ದ್ವೀಪದಲ್ಲಿ ಅವರ ವಿವಾಹ ನಡೆಯಿತು.

ಮದರಾಸಿನಲ್ಲಿ ಅವರಿಗೆ ದೊರೆತ ಮುಖ್ಯ ಸ್ನೇಹಿತ ಥಾಮಸ್ ಜೆರ್ಡನ್. ಸೈನ್ಯದ ವೈದ್ಯರಾಗಿದ್ದ ಜೆರ್ಡನ್ನರಿಗೆ ಹಕ್ಕಿಗಳೆಂದರೆ ಪ್ರಾಣ. ದಕ್ಷಿಣ ಭಾರತದ ಹಕ್ಕಿಗಳ ವಿವರವಾದ ಪಟ್ಟಿಯೊಂದನ್ನು ಅವರು 1839ರಿಂದ ಕಂತುಕಂತಾಗಿ ಪ್ರಕಟಿಸತೊಡಗಿದರು. ಧಾರವಾಡ ಸೀಮೆಯಲ್ಲಿ ಎಲಿಯಟ್ಟರು ಹಕ್ಕಿಗಳನ್ನು ಕುರಿತು ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳೆಲ್ಲ ಆಗ ಹೊರಬಂದವು. ಅವರು ಅವನ್ನು ತಮ್ಮ ಹೆಸರಿನಲ್ಲಿ ಪುಸ್ತಕ ಮಾಡಲಿಲ್ಲ; ಜೆರ್ಡನ್ನರ ಕೈಗೆ ಕೊಟ್ಟುಬಿಟ್ಟರು. ಮುಂದೆ ಜೆರ್ಡನ್ನರು ಭಾರತೀಯ ಪಕ್ಷಿಗಳ ಚಿತ್ರಸಂಪುಟವೊಂದನ್ನು ಹೊರತಂದರು. ಅದರಲ್ಲಿ ಐವತ್ತು ವರ್ಣಚಿತ್ರಗಳು; ಬಹುಪಾಲು ಚಿತ್ರಗಳನ್ನು ಬಿಡಿಸಿದವರು ಭಾರತೀಯ ಚಿತ್ರಕಾರರು. ಬೇಟೆಗೆ ಪಳಗಿಸುವ ಡೇಗೆಗಳನ್ನು ಕುರಿತು ಎಲಿಯಟ್ಟರಿಗಿದ್ದ ತಿಳಿವಳಿಕೆಯೂ ಜೆರ್ಡನ್ನರಿಗೆ ಉಪಯೋಗವಾಯಿತು. 1862ರಿಂದ 1864ರವರೆಗೆ ಪ್ರಕಟವಾದ ಜೆರ್ಡನ್ನರ ದ ಬರ್ಡ್ಸ್ ಆಫ್ ಇಂಡಿಯಾ ಎಂಬ ಹಿರಿಯ ಗ್ರಂಥವು ಬಹುಕಾಲ ಈ ದೇಶದ ಪಕ್ಷಿವೀಕ್ಷಕರಿಗೆ ಕೈದೀವಿಗೆಯಾಗಿದ್ದಿತು. ಅದರಲ್ಲಿಯೂ ಹಕ್ಕಿಗಳಿಗೆ ಶಾಸ್ತ್ರೀಯ ನಾಮದೊಡನೆ ದೇಶಭಾಷೆಗಳ ಹೆಸರುಗಳನ್ನು ಕೊಡಲಾಗಿದೆ.

ಎಲಿಯಟ್ಟರು ಕುದುರೆಯ ಮೇಲೆ ಅಲೆದಾಡಿದ ಬಯಲು ಎರೆಭೂತವೆಂಬ ಹಿರಿಯ ಹಕ್ಕಿಯ ನೆಲೆ. ಎತ್ತರವಾದ ಆ ಹಕ್ಕಿ ಎರೆಯ ಬಯಲಿನಲ್ಲಿ ಗಂಭೀರವಾಗಿ ಹೆಜ್ಜೆಯಿಡುತ್ತ ಹೋಗುವುದನ್ನು ದೂರದಿಂದ ಕಂಡು ಜನರು ಆ ಹೆಸರಿಟ್ಟಿರಬೇಕು. ಹಿರೇಕೆರೂರಿಗೆ ನೆರೆಯದಾದ ರಾಣೇಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯವನ್ನು ಮಾಡಿದಾಗ ಕೃಷ್ಣಮೃಗಗಳೊಡನೆ ಈ ಹಕ್ಕಿಯನ್ನೂ ಉಳಿಸಬೇಕೆಂಬ ಆಸೆಯಿದ್ದಿತು. ಕೃಷ್ಣಮೃಗಗಳು ಉಳಿದವು. ಎರೆಭೂತವು ಮುಂದಿನ ದಶಕಗಳಲ್ಲಿ ಅಲ್ಲಿಂದ ಮರೆಯಾಯಿತು. ಹತ್ತೊಂಬತ್ತನೆಯ ಶತಮಾನದ ಆ ಪಟ್ಟಿಗಳನ್ನು ಇಂದು ಓದುವಾಗ ಮನಸ್ಸು ಭಾರವಾಗುವುದು ಇಂತಹ ಕಾರಣಗಳಿಂದ.

ಎಲಿಯಟ್ಟರ ಪಕ್ಷಿಜ್ಞಾನಕ್ಕೆ ಅತಿ ದೊಡ್ಡ ಫಲ ದೊರೆತುದು ಯಾರೂ ಎಣಿಸದಿದ್ದ ಒಂದು ಹಕ್ಕಿಯಿಂದ. ಅದು ಪಾರಿವಾಳ. 1855ರಲ್ಲಿ ಅವರು ರಜೆಯ ಮೇಲೆ ಬ್ರಿಟನ್ನಿನಲ್ಲಿದ್ದಾಗ ಗ್ಲಾಸ್ಗೋ ನಗರದಲ್ಲಿ ನಡೆದ ವಿಜ್ಞಾನಿಗಳ ಸಮ್ಮೇಳನದಲ್ಲಿ ಚಾರ್ಲ್ಸ್ ಡಾರ್ವಿನ್ನರನ್ನು ಭೇಟಿಯಾದರು. ಡಾರ್ವಿನ್ನರು ಆಗ ಒಂದು ದೊಡ್ಡ ಪ್ರಶ್ನೆಯಲ್ಲಿ ಮುಳುಗಿದ್ದರು. ಮನುಷ್ಯನು ಸಾಕಿದ ಪಾರಿವಾಳಗಳಲ್ಲಿ ಎಷ್ಟೊಂದು ಬಗೆಗಳು! ಬೀಸಣಿಗೆಯಂತೆ ಬಾಲವನ್ನು ಹರಡುವ ಲಕ್ಕಾ, ನೆಲದ ಮೇಲೆ ಉರುಳುರುಳಿ ಬೀಳುವ ಲೋಟನ್, ಎದೆಯನ್ನು ಬುಗ್ಗೆಯಂತೆ ಉಬ್ಬಿಸುವುದು ಇನ್ನೊಂದು. ಇವೆಲ್ಲ ಬೇರೆ ಬೇರೆ ಕಾಡುಹಕ್ಕಿಗಳಿಂದ ಬಂದವೇ, ಅಥವಾ ಬಂಡೆಗಳ ಸಂದಿಯಲ್ಲಿಯೂ ಗುಡಿಗೋಪುರಗಳಲ್ಲಿಯೂ ಗೂಡುಕಟ್ಟುವ ಸಾಮಾನ್ಯ ಪಾರಿವಾಳವೊಂದರಿಂದಲೇ, ಸಾಕುವವರ ಆಯ್ಕೆಯಿಂದ, ತಲೆಮಾರುಗಳ ಅವಧಿಯಲ್ಲಿ ಬೇರೆಯಾದವೇ? ಒಂದರಿಂದಲೇ ಹುಟ್ಟಿದವೆಂದು ತೋರಿಸಬಹುದಾದರೆ, ಜೀವಜಾತಿಗಳು ಬದಲಾಗದೆ ಇರುವವೆಂಬ ಹಳೆಯ ನಂಬಿಕೆ ಸಡಿಲಗೊಳ್ಳುವುದೆಂದು ಅವರಿಗೆ ತೋರಿತು.

ಇದನ್ನು ಸಾಧಿಸಲು ಇಂಗ್ಲೆಂಡಿನ ಪಾರಿವಾಳಗಳಷ್ಟೇ ಸಾಲವು. ಪಾರಿವಾಳ ಸಾಕುವ ಹವ್ಯಾಸ ಭಾರತದಲ್ಲಿ ಬಹು ಹಳೆಯದು. ಅಕ್ಬರ ಬಾದಶಹನ ಆಸ್ಥಾನದಲ್ಲಿ ಸಾವಿರಾರು ಪಾರಿವಾಳಗಳಿದ್ದವು. 1856ರ ಜನವರಿಯಲ್ಲಿ ಡಾರ್ವಿನ್ನರು ಎಲಿಯಟ್ಟರಿಗೆ ಪತ್ರ ಬರೆದು, ಭಾರತದ ಸಾಕುಪಾರಿವಾಳ ಮತ್ತು ಕೋಳಿಗಳ ಚರ್ಮಗಳನ್ನು ಕಳುಹಿಸಬೇಕೆಂದು ಕೇಳಿಕೊಂಡರು. ಎಲಿಯಟ್ಟರು ಆಗ ಮದರಾಸು ಗವರ್ನರರ ಮಂತ್ರಾಲೋಚನಾ ಸಭೆಯ ಸದಸ್ಯರು. ರಾಜ್ಯಭಾರದ ಕಾಗದಪತ್ರಗಳ ನಡುವೆ ಪಾರಿವಾಳಗಳನ್ನು ಕೂಡಿಸುವುದು ಅವರಿಗೆ ಅಗೌರವವೆನಿಸಲಿಲ್ಲ. ಬಗೆಬಗೆಯ ಪಾರಿವಾಳಗಳ ಚರ್ಮಗಳು ಮದರಾಸಿನಿಂದ ಹಡಗಿನಲ್ಲಿ ಹೊರಟು ಡಾರ್ವಿನ್ನರ ಮನೆಯನ್ನು ಸೇರಿದವು. 1770ರಲ್ಲಿ ತೀರಿಕೊಂಡ ಸಯ್ಯದ್ ಮಹಮ್ಮದ್ ಮುಸಾರಿ ಎಂಬ ವಿದ್ವಾಂಸನು ಪಾರಿವಾಳಗಳನ್ನು ಕುರಿತು ಬರೆದಿದ್ದ ಗ್ರಂಥವೊಂದಿದ್ದಿತು. ಅದರ ಅನುವಾದವನ್ನೂ ಎಲಿಯಟ್ಟರು ಡಾರ್ವಿನ್ನರಿಗೆ ಒದಗಿಸಿದರು.

1859ರಲ್ಲಿ ಜೀವಜಾತಿಗಳ ಉಗಮವನ್ನು ಕುರಿತ ಡಾರ್ವಿನ್ನರ ಮಹಾಗ್ರಂಥ ಹೊರಬಂದಿತು. ಅದರ ಮೊದಲ ಅಧ್ಯಾಯದಲ್ಲಿಯೇ ಪಾರಿವಾಳಗಳ ವಿಷಯವಿದೆ. ತಮಗೆ ಮಾದರಿಗಳನ್ನು ಕಳುಹಿಸಿ ವಿಶೇಷವಾಗಿ ನೆರವಾದವರೆಂದು ಡಾರ್ವಿನ್ನರು ಅಲ್ಲಿ ಇಬ್ಬರ ಹೆಸರನ್ನು ಹೇಳಿದ್ದಾರೆ. ಒಬ್ಬರು ಪರ್ಷಿಯದಲ್ಲಿದ್ದ ಮರೇ. ಇನ್ನೊಬ್ಬರು ಭಾರತದ ಎಲಿಯಟ್.

ಎಲಿಯಟ್ಟರ ಎಲ್ಲ ಕೆಲಸವೂ ಇಷ್ಟು ಸುಖಾಂತವಾಗಲಿಲ್ಲ. 1845ರಲ್ಲಿ ಅವರು ಗುಂಟೂರಿನ ಕಡೆಯಲ್ಲಿ ಅಧಿಕಾರದಲ್ಲಿದ್ದಾಗ ಅಮರಾವತಿಯ ಬೌದ್ಧಸ್ತೂಪವನ್ನು ಅಗೆಸಿ ಅನೇಕ ಶಿಲ್ಪಗಳನ್ನು ಹೊರತೆಗೆಸಿದರು. ಮದರಾಸಿಗೆ ಸಾಗಿಸಿದ ಆ ಶಿಲ್ಪಗಳು ವರ್ಷಗಟ್ಟಲೆ ಬಿಸಿಲುಮಳೆಗಳಲ್ಲಿ ಬಿದ್ದಿದ್ದವು. ಕೊನೆಗೆ ಅವನ್ನು ಲಂಡನ್ನಿಗೆ ಒಯ್ದರು. ಅವು ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿವೆ. ಬಹುಕಾಲ ಅವನ್ನು ಎಲಿಯಟ್ಟರ ಹೆಸರಿನಿಂದಲೇ ಕರೆಯುತ್ತಿದ್ದರು. ಅಗೆದು ತೆಗೆಯುವುದು ಸುಲಭ, ಇದ್ದಲ್ಲಿಯೇ ಕಾಪಾಡುವುದು ಕಷ್ಟವೆಂಬ ಅರಿವು ಆ ಕಾಲದವರಿಗೆ ಇನ್ನೂ ಮೂಡಿರಲಿಲ್ಲ. ತೆಲುಗು ಜಿಲ್ಲೆಗಳಲ್ಲಿ ಅವರು ಮಾಡಿದ ಇನ್ನೊಂದು ಕೆಲಸವೇ ಅವರ ಸ್ವಭಾವಕ್ಕೆ ಹೆಚ್ಚು ಒಪ್ಪುವಂತಹದು. ಅಲ್ಲಿನ ಗಿಡಮರಗಳಿಗೆ ಜನರು ಕರೆಯುವ ತೆಲುಗು ಹೆಸರುಗಳನ್ನು ಕೂಡಿಸಿ, ಅವುಗಳ ಶಾಸ್ತ್ರೀಯ ನಾಮಗಳೊಡನೆ ಫ್ಲೋರಾ ಆಂಧ್ರಿಕಾ ಎಂಬ ಪುಸ್ತಕವಾಗಿ 1859ರಲ್ಲಿ ಪ್ರಕಟಿಸಿದರು.

1858ರ ನವೆಂಬರಿನಲ್ಲಿ ಕಂಪನಿಯ ಆಳಿಕೆ ಕೊನೆಗೊಂಡು ವಿಕ್ಟೋರಿಯಾ ರಾಣಿಯ ಆಳಿಕೆ ಆರಂಭವಾಯಿತು. ಗವರ್ನರರು ಅಸ್ವಸ್ಥರಾಗಿದ್ದುದರಿಂದ ಆ ಘೋಷಣೆಯನ್ನು ಮದರಾಸಿನಲ್ಲಿ ಸಾರುವ ಕೆಲಸ ಎಲಿಯಟ್ಟರ ಪಾಲಿಗೆ ಬಂದಿತು. ಕಿತ್ತೂರಿನ ಕೋಟೆಯಲ್ಲಿ ಸೆರೆಯಾಳಾಗಿದ್ದ ತರುಣನೇ ಮೂವತ್ತನಾಲ್ಕು ವರ್ಷಗಳ ಬಳಿಕ ಅಂದು ಆ ಘೋಷಣೆಯನ್ನು ಸಾರಿದರು. ಎರಡು ವರ್ಷಗಳ ಅನಂತರ, 1860ರಲ್ಲಿ, ಅವರು ನಿವೃತ್ತರಾಗಿ ವುಲ್ಫಲೀಗೆ ಹಿಂದಿರುಗಿದರು. 1866ರಲ್ಲಿ ಅವರಿಗೆ ಸರ್ ಪದವಿ ಬಂದಿತು; 1878ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು.

ನಿವೃತ್ತಿಯ ಬಿಡುವಿನಲ್ಲಿ ದಕ್ಷಿಣ ಭಾರತದ ಹಳೆಯ ನಾಣ್ಯಗಳನ್ನು ಕುರಿತ ಗ್ರಂಥವನ್ನು ಅವರು ಕೈಗೆತ್ತಿಕೊಂಡರು. ಆದರೆ ವಯಸ್ಸಾದಂತೆ ಅವರ ದೃಷ್ಟಿ ಮಂದವಾಗುತ್ತ ಬಂದಿತು. ತೋಳಗಳ ಬೇಟೆಯನ್ನು ಕಂಡಿದ್ದ, ಸವೆದ ಕಲ್ಲಿನ ಮೇಲಿನ ಅಕ್ಷರವನ್ನು ಓದಿದ್ದ ಕಣ್ಣುಗಳು ಕೊನೆಗೆ ಬಹುಮಟ್ಟಿಗೆ ಕುರುಡಾದವು. ಅಂತಹ ಸ್ಥಿತಿಯಲ್ಲಿಯೇ ನಾಣ್ಯಗಳ ಗ್ರಂಥವನ್ನು ಮುಗಿಸಿ ಪ್ರಕಟಿಸಿದರು.

1887ನೆಯ ಇಸವಿಯ ಮಾರ್ಚ್ 1ರ ಬೆಳಗ್ಗೆ ಎಂಬತ್ತನಾಲ್ಕು ವರ್ಷದ ಎಲಿಯಟ್ಟರು ಒಂದು ಪತ್ರವನ್ನು ಹೇಳಿ ಬರೆಯಿಸಿದರು. ಅದು ತಮಿಳು ವಿದ್ವಾಂಸರಾದ ಪೋಪ್ ಅವರಿಗೆ. ತಿರುಕ್ಕುರಳ್ ಗ್ರಂಥವನ್ನು ಪೋಪರು ಪ್ರಕಟಿಸುತ್ತಿರುವ ಸುದ್ದಿಯನ್ನು ತಿಳಿದು ಸಂತೋಷಪಟ್ಟಿದ್ದ ಅವರು, ಆ ಬಗೆಗೆ ತಮ್ಮ ಮೆಚ್ಚಿಕೆಯನ್ನು ತಿಳಿಸಿದ್ದರು. ಮದರಾಸಿನ ಕಾಲೇಜಿನಲ್ಲಿ ತಮಿಳು ಕಲಿತು ಬಹುಮಾನ ಪಡೆದು ಅರುವತ್ತು ವರ್ಷಗಳ ಮೇಲಾಗಿದ್ದವು. ಪತ್ರದ ಕೆಳಗೆ ತಮ್ಮ ಕೈಯಿಂದಲೇ ರುಜು ಹಾಕಿದರು. ಅಂದು ಸಂಜೆ ಅವರ ಉಸಿರು ನಿಂತಿತು.